ಖಾಕಿ ಯಾವ ಬಣ್ಣ?

ಜೂನ್‌ನಲ್ಲಿ ಮಳೆ ಹಿಡಿದರೆ ಮೂಡಿಗೆರೆ, ಕಳಸದ ಕಡೆ ಗೋಡೆಗೆ ತೂಗುಹಾಕಿದ ಫೋಟೋ ಕೂಡ ಬೆವರುತ್ತದೆ. ಗಾಜಿನ ಒಳಮೈಗೆ ಹನಿ ಕೂರುತ್ತದೆ, ತಿಂಗಳುಗಟ್ಟಲೆ ಬಿಸಿಲು ಕಾಣದ ಚೌಕಟ್ಟಿನ ಮೂಲೆಯಿಂದ ಬೂಷ್ಟು ಹಬ್ಬುತ್ತದೆ. ಫೋಟೋ ಕಾಗದದ ಮೇಲಿನ ಪದರ ಜೆಲಟಿನ್, ಅಂದರೆ ಮೂಳೆ ಮತ್ತು ಚರ್ಮದಿಂದ ತೆಗೆದ ಅಂಟು. ಬೂಷ್ಟಿಗೆ ಅದು ಹಬ್ಬದೂಟ. ಹಾಗೆ ಅರ್ಧ ಭುಜ, ಒಂದು ಕಿವಿ ತಿನ್ನಿಸಿಕೊಂಡು ಸೆಟೆದು ನಿಂತ ಸಿಪಾಯಿಯ ಭಾವಚಿತ್ರವನ್ನು ಮಗನೋ ಮೊಮ್ಮಗಳೋ ಚೌಕಟ್ಟಿನಿಂದ ಬಿಡಿಸಿ ಸ್ಕ್ಯಾನರ್ ಮೇಲೆ ಬೋರಲು ಹಾಕುತ್ತಾರೆ. ಕಂಪ್ಯೂಟರ್ ಪರದೆಯಲ್ಲಿ ಮೊದಲು ಕಲೆ ತೆಗೆಯುವುದು, ಬಿರುಕು ಮುಚ್ಚುವುದು. ಅಲ್ಲಿವರೆಗೆ ತಾಳ್ಮೆ ಇದ್ದರೆ ಸಾಕು. ಬಣ್ಣ ಹಚ್ಚಲು ಕೈ ಹಾಕಿದ ಕ್ಷಣದಲ್ಲಿ ತಕರಾರು ಶುರುವಾಗುತ್ತದೆ: ಅಂಗಿ ಖಾಕಿ, ಸರಿ. ಆದರೆ ಖಾಕಿ ಯಾವ ಬಣ್ಣ?

ಫೋಟೋಕ್ಕೆ ಬಣ್ಣ ಹಚ್ಚುವ ಕೆಲಸ ಹೊಸದೇನಲ್ಲ, ಹೆಚ್ಚುಕಡಿಮೆ ಫೋಟೋದಷ್ಟೇ ಹಳೆಯದು. 1839ರಲ್ಲಿ ಡಾಗೆರೋಟೈಪ್ ಲೋಕಕ್ಕೆ ಗೊತ್ತಾಯಿತು. ಅದಾದ ಕೆಲವೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಯೋಹಾನ್ ಇಸೆನ್‌ರಿಂಗ್ ತಗಡಿನ ಮೇಲಿನ ಮುಖಗಳಿಗೆ ಬಣ್ಣದ ಪುಡಿ ಉದುರಿಸತೊಡಗಿದ್ದ. ಹಿಂದುಸ್ತಾನಕ್ಕೆ ಬಂದ ಮೇಲೆ ಈ ಕಸುಬು ಚಿತ್ರಗಾರರ ಕೈಗೆ ಸಿಕ್ಕಿತು. ರಾಜಮಹಾರಾಜರ ಭಾವಚಿತ್ರಗಳ ಮೇಲೆ ಅವರು ಬಣ್ಣವನ್ನು ಎಷ್ಟು ದಪ್ಪಗೆ ಬಳಿದರೆಂದರೆ ಅಡಿಯಲ್ಲಿ ಫೋಟೋ ಇದೆ ಎಂಬುದೇ ಮರೆತುಹೋಗುತ್ತಿತ್ತು.

ಊರಿನ ಸ್ಟುಡಿಯೋಗಳಲ್ಲಿ ನಡೆದದ್ದು ಇಷ್ಟು ರಾಜಠೀವಿಯದಲ್ಲ. ಮಿರುಗದ ಕಾಗದದ ಮೇಲೆ ಪ್ರಿಂಟು ಹಾಕಿ, ಸಾಧ್ಯವಾದರೆ ಕೊಳೆತ ಮೊಟ್ಟೆಯ ವಾಸನೆಯ ದ್ರಾವಣದಲ್ಲಿ ಅದ್ದಿ ಕಂದು ಮಾಡಿ, ಒದ್ದೆ ಹತ್ತಿಯಿಂದ ಒರೆಸಿ, ಕಡ್ಡಿಗೆ ಹತ್ತಿ ಸುತ್ತಿ ತೆಳು ಬಣ್ಣ ಹಚ್ಚುವುದು. ಚಿಕ್ಕ ಸೀಸೆಗಳಲ್ಲಿ ಸಿಗುತ್ತಿದ್ದ ಫೋಟೋ ಕಲರ್ ನೀರಿನಷ್ಟು ತೆಳು. ಅಡಿಯ ನೆರಳು-ಬೆಳಕು ಹಾಗೇ ಕಾಣಬೇಕು, ಮೇಲೆ ಬಣ್ಣದ ಮಂಜು ಮಾತ್ರ ಕೂರಬೇಕು. ಕೆನ್ನೆಗೆ ಗುಲಾಬಿ, ತುಟಿಗೆ ಕೆಂಪು, ಸೀರೆಯ ಅಂಚಿಗೆ ಬಂಗಾರ. ಸಿಪಾಯಿ ಬಂದರೆ ಅವನ ಕೆನ್ನೆಗೂ ಅದೇ ಗುಲಾಬಿ. ಯಾರೂ ಜಗಳಕ್ಕೆ ಬರುತ್ತಿರಲಿಲ್ಲ, ಏಕೆಂದರೆ ಗಿರಾಕಿಗೆ ಬೇಕಾಗಿದ್ದುದು ಚಂದ. ಅಂದು ಅವನು ಉಟ್ಟದ್ದೇನು, ಎದೆಯ ಪಟ್ಟಿಯ ಬಣ್ಣ ಯಾವುದು ಎಂಬುದು ಮನೆಯವರಿಗೆ ಹೇಗೂ ಗೊತ್ತಿತ್ತು. ಈಗ ಗೊತ್ತಿದ್ದವರು ಇಲ್ಲ. ಆದ್ದರಿಂದಲೇ ಇಂದಿನ ಹವ್ಯಾಸಿ ಚಂದಕ್ಕಿಂತ ಸಾಕ್ಷಿ ಹುಡುಕುತ್ತಾನೆ.

ಖಾಕಿಯ ಸಾಕ್ಷಿ ಹುಡುಕುತ್ತ ಹೋದರೆ ದಾರಿ ವಿಚಿತ್ರವಾಗಿ ಘಾಟಿ ಇಳಿಯುತ್ತದೆ. ಖಾಕ್ ಎಂದರೆ ಪಾರಸಿಯಲ್ಲಿ ಧೂಳು. 1846ರಲ್ಲಿ ಪೇಶಾವರದಲ್ಲಿ ಹುಟ್ಟಿದ ಕೋರ್ ಆಫ್ ಗೈಡ್ಸ್ ಎಂಬ ದಳಕ್ಕೆ ಹ್ಯಾರಿ ಲಮ್ಸ್‌ಡೆನ್ ಧೂಳಿನ ಬಣ್ಣದ ಬಟ್ಟೆ ತೊಡಿಸಿದ ಎಂಬುದು ಸೇನೆಯ ಚರಿತ್ರೆ. ಮಂಗಳೂರಿನವರ ಕತೆ ಬೇರೆ. 1850ರ ದಶಕದ ಆರಂಭದಲ್ಲಿ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬ ಮಿಷನರಿ ಖಾಕಿ ಬಣ್ಣ ತಯಾರಿಸಿದನೆಂದೂ, ಮೊದಲು ಅಲ್ಲಿನ ಪೊಲೀಸರು ತೊಟ್ಟ ಆ ಬಟ್ಟೆ ಆಮೇಲೆ ಸೇನೆಯ ದೊಡ್ಡ ಅಧಿಕಾರಿ ಲಾರ್ಡ್ ರಾಬರ್ಟ್ಸ್‌ನ ಕಣ್ಣಿಗೆ ಬಿತ್ತೆಂದೂ ಅಲ್ಲಿ ಹೇಳುತ್ತಾರೆ. ಎರಡೂ ಕತೆ ಒಟ್ಟಿಗೆ ನಿಜವಾಗಿರಲು ಅಡ್ಡಿಯೇನಿಲ್ಲ; ಒಂದು ಹೆಸರಿನ ಕೆಳಗೆ ಎರಡು ಬಣ್ಣದ ಮಡಕೆ ಕುದ್ದಿರಬಹುದು. ಮೂಡಿಗೆರೆಯ ಕಾಫಿ ಚಾರ್ಮಾಡಿ ಇಳಿದು ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆ ಸೇರುತ್ತಿದ್ದ ದಾರಿಯ ಕೊನೆಯಲ್ಲೇ ಖಾಕಿ ಬಟ್ಟೆಯೂ ನೇಯಲ್ಪಡುತ್ತಿತ್ತು. ಕಂಡಕ್ಟರ್, ಫಾರೆಸ್ಟ್ ಗಾರ್ಡ್, ತೋಟದ ರೈಟರ್ ಎಲ್ಲರೂ ಖಾಕಿ ತೊಟ್ಟ ಈ ಬೆಟ್ಟಗಳಲ್ಲಿ ಅದು ಸಿಪಾಯಿಯೊಬ್ಬನ ಸೊತ್ತಾಗಿ ಉಳಿದಿದ್ದೂ ಇಲ್ಲ.

ಮೊದಲಿನ ಖಾಕಿಗಳು ಒಗೆದಂತೆಲ್ಲ ಬಿಳಿಚುತ್ತಿದ್ದವು. ಬಣ್ಣ ಬಿಡದ ಖಾಕಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1884ರಲ್ಲಿ. ಹಾಗೆಂದು ಆಮೇಲೆ ಎಲ್ಲವೂ ಒಂದೇ ಬಣ್ಣಕ್ಕೆ ಬಂತೆಂದಲ್ಲ. ಮೊನ್ನೆ ಕೊಟ್ಟ ಅಂಗಿ ಒಂದು ಬಣ್ಣ, ಅಗಸರ ಕಲ್ಲಿಗೆ ನೂರು ಸಲ ಬಡಿಸಿಕೊಂಡ ಚಡ್ಡಿ ಇನ್ನೊಂದು ಬಣ್ಣ. ಸಾಲಾಗಿ ಕೂತ ಇಡೀ ದಳಕ್ಕೆ ಒಂದೇ ಖಾಕಿ ಸುರಿದರೆ ಫೋಟೋ ಗೋಡೆಗೆ ಹೊಡೆದ ಪೇಂಟಿನಂತೆ ಕಾಣುತ್ತದೆ. ಪಳಗಿದವರು ಮಂಡಿಯ ಬಳಿ, ಕಾಲರಿನ ಮಡಿಕೆಯಲ್ಲಿ ಬಣ್ಣವನ್ನು ಒಂದಿಷ್ಟು ಸಾಯಿಸುತ್ತಾರೆ.

ಬಟ್ಟೆಗಿಂತ ದೊಡ್ಡ ಮೋಸಗಾರ ಫಿಲ್ಮು. ಹಳೆಯ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ. ಸ್ಟುಡಿಯೋದವರು ಕೆಂಪು ಬಲ್ಬಿನ ಬೆಳಕಿನಲ್ಲಿ ಅದನ್ನು ತೊಳೆಯಲು ಸಾಧ್ಯವಾದದ್ದೇ ಅದರಿಂದ. ಕೆಂಪು ಕಾಣದ ಫಿಲ್ಮಿನಲ್ಲಿ ಕೆಂಪು ಬಟ್ಟೆ ಕಪ್ಪಾಗುತ್ತದೆ, ನೀಲಿ ಬಟ್ಟೆ ಬೆಳ್ಳಗಾಗುತ್ತದೆ, ನಮ್ಮವರ ಕಂದು ಮುಖ ಇದ್ದದ್ದಕ್ಕಿಂತ ಕಪ್ಪಾಗುತ್ತದೆ. ಹವ್ಯಾಸಿಗಳ ಕ್ಯಾಮೆರಾಕ್ಕೆ ಕೊಡಾಕ್ ಮಾರುತ್ತಿದ್ದ ವೆರಿಕ್ರೋಮ್ 1931ರಲ್ಲಿ ಬಂತು, ಎಲ್ಲ ಬಣ್ಣ ಕಾಣುವ ವೆರಿಕ್ರೋಮ್ ಪ್ಯಾನ್ ಆಗಿ ಬದಲಾಗಿದ್ದು 1956ರಲ್ಲಿ. ನಡುವೆ ಒಂದು ಮಹಾಯುದ್ಧ ಮುಗಿದು ದೇಶಕ್ಕೆ ಸ್ವಾತಂತ್ರ್ಯವೂ ಬಂದಿತ್ತು. ಹಾಗಾಗಿ ಆ ಕಾಲದ ಫೋಟೋದಲ್ಲಿ ಕಪ್ಪಾಗಿ ಕಂಡದ್ದನ್ನು ಗಾಢ, ಬಿಳಿಯಾಗಿ ಕಂಡದ್ದನ್ನು ತೆಳು ಎಂದು ನಂಬಿದವನು ಬಣ್ಣವನ್ನು ತಲೆಕೆಳಗು ಹಚ್ಚುತ್ತಾನೆ.

ಇದು ಚೆನ್ನಾಗಿ ತಿಳಿಯುವುದು ಪದಕದ ರಿಬ್ಬನ್ನಿನಲ್ಲಿ. ಮೊದಲ ಮಹಾಯುದ್ಧದ ಬ್ರಿಟಿಷ್ ವಾರ್ ಮೆಡಲ್‌ನ ಪಟ್ಟಿ ನಡುವೆ ಕಿತ್ತಳೆ, ಅದರ ಎರಡೂ ಬದಿಗೆ ಬಿಳಿ, ಆಮೇಲೆ ಕಪ್ಪು, ಅಂಚಿಗೆ ನೀಲಿ. ಆರ್ಥೋ ಫಿಲ್ಮಿನಲ್ಲಿ ನಡುವಿನ ಕಿತ್ತಳೆ ಕಂದುತ್ತದೆ, ಅಂಚಿನ ನೀಲಿ ಬಿಳಿಚಿಕೊಳ್ಳುತ್ತದೆ. ಬರಿಗಣ್ಣಿಗೆ ಅದು ಬೇರೆಯೇ ಪದಕ. ಎರಡನೇ ಮಹಾಯುದ್ಧದ ಬರ್ಮಾ ಸ್ಟಾರ್ ನೀಲಿ ಪಟ್ಟಿ. ನಟ್ಟನಡುವೆ ಅಗಲ ಕೆಂಪು, ಇಕ್ಕೆಲದ ನೀಲಿಯೊಳಗೆ ಒಂದೊಂದು ಕಿತ್ತಳೆ ಗೆರೆ. ಆಫ್ರಿಕಾ ಸ್ಟಾರ್ ಮರಳಿನ ಬಣ್ಣ. ನಡುವೆ ಕೆಂಪು, ಒಂದು ಬದಿಗೆ ಕಡುನೀಲಿ, ಇನ್ನೊಂದು ಬದಿಗೆ ತಿಳಿನೀಲಿ ಗೆರೆ. ಉಗುರಿನಗಲದ ಈ ಗೆರೆಗಳಲ್ಲಿ ಮನುಷ್ಯ ಯಾವ ದೇಶದ ಮಣ್ಣು ತುಳಿದು ಬಂದ ಎಂಬ ಲೆಕ್ಕ ಇರುತ್ತದೆ. ಕಾಫಿಯ ಇನ್ನೊಂದು ಸೀಮೆ ಕೊಡಗಿನ ಸೇನಾನಿ ತಿಮ್ಮಯ್ಯನವರಿಗೆ ಬರ್ಮಾ ಕಾಳಗದಲ್ಲಿ ಡಿ.ಎಸ್.ಒ. ಪದಕ ಬಂತು. ಅದರ ಪಟ್ಟಿ ಕೆಂಪು, ಅಂಚಿಗೆ ಸಣ್ಣ ನೀಲಿ. ಮಡಿಕೇರಿಯಲ್ಲಿ ಅವರ ಮನೆ ‘ಸನ್ನಿ ಸೈಡ್’ 2021ರಿಂದ ವಸ್ತುಸಂಗ್ರಹಾಲಯ. ಬಣ್ಣ ಹಚ್ಚುವವರು ಇಂಥ ಕಡೆ ಗಾಜಿನ ಪೆಟ್ಟಿಗೆಯ ಮುಂದೆ ಉಳಿದವರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾರೆ.

ಮೂಡಿಗೆರೆ, ಕಳಸಗಳಿರುವ ಚಿಕ್ಕಮಗಳೂರು ಮೊದಲ ಮಹಾಯುದ್ಧದ ಕಾಲಕ್ಕೆ ಕಡೂರು ಜಿಲ್ಲೆ, ಮೈಸೂರು ಸಂಸ್ಥಾನದ ಸೀಮೆ. ಸಂಸ್ಥಾನದ ಹೆಸರು ಹೊತ್ತ ಕುದುರೆದಳ ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹಡಗು ಹತ್ತಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಜೋಧಪುರದವರು ಕುದುರೆ ನುಗ್ಗಿಸಿದರೆ, ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿನ ತೋಪುಗಳ ಬಾಯಿ ಮುಚ್ಚಿಸಿತು. ಅಂದು ಸೆರೆಸಿಕ್ಕವರು 1350 ಮಂದಿ, ವಶವಾದ ತೋಪುಗಳು 17. ಹಿಂದುಸ್ತಾನಿ ಪಡೆಯಲ್ಲಿ ಸತ್ತವರು 8, ಸತ್ತ ಕುದುರೆಗಳು 60. ಶರಣಾದ ಹೈಫಾದ ಬೀದಿಯಲ್ಲಿ ಹಿಂದುಸ್ತಾನಿ ಲ್ಯಾನ್ಸರುಗಳು ಸಾಲಾಗಿ ಸಾಗುವ ಕಪ್ಪು-ಬಿಳುಪು ಫೋಟೋ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್‌ನಲ್ಲಿದೆ. ಬಣ್ಣ ಹಚ್ಚಲು ಅದು ಸುಲಭದ ಚಿತ್ರ ಎನಿಸುತ್ತದೆ: ಖಾಕಿ, ಧೂಳು, ಕುದುರೆ. ಆದರೆ ಅದೇ ಸವಾರ ಊರಿಗೆ ಮರಳಿ ಸ್ಟುಡಿಯೋದಲ್ಲಿ ನಿಂತಾಗ ತೊಟ್ಟದ್ದು ಖಾಕಿಯೇ ಆಗಿರಬೇಕೆಂದಿಲ್ಲ. ದರ್ಬಾರಿಗೆ, ದಸರೆಗೆ ಬೇರೆ ಉಡುಪು, ಬೇರೆ ಪೇಟ. ಸಿಪಾಯಿ ಎಂದ ಕೂಡಲೇ ಖಾಕಿ ಸುರಿಯುವವರು ಎಡವುವುದು ಇಲ್ಲೇ.

ಅಂಥವರು ಒಮ್ಮೆ ಮೈಸೂರು ಅರಮನೆಯ ಕಲ್ಯಾಣ ಮಂಟಪಕ್ಕೆ ಹೋಗಿ ಕತ್ತೆತ್ತಿ ಸುತ್ತು ಬರುವುದು ಒಳ್ಳೆಯದು. ಜಂಬೂಸವಾರಿಯ 26 ಚಿತ್ರಫಲಕಗಳು ಗೋಡೆ ತುಂಬ ಇವೆ. ಆನೆ, ಒಂಟೆ, ಸಾರೋಟು, ಕಾಲಾಳು, ಕುದುರೆ ಸವಾರ, ಬ್ಯಾಂಡಿನವರು. 1934ರಿಂದ 1945ರವರೆಗೆ ಆಸ್ಥಾನದ ಚಿತ್ರಗಾರರು ಇವನ್ನು ಬರೆದದ್ದು ನಿಜವಾದ ಮೆರವಣಿಗೆಯ ಫೋಟೋಗಳನ್ನು ಮುಂದಿಟ್ಟುಕೊಂಡು. ಕಪ್ಪು-ಬಿಳುಪು ಚಿತ್ರ ಕೈಯಲ್ಲಿ, ಅದರಲ್ಲಿನ ಸಮವಸ್ತ್ರ ಅಂಗಳದಲ್ಲಿ ಕಣ್ಣೆದುರಿಗೇ. ಫೋಟೋಕ್ಕೆ ಸಾಕ್ಷಿಸಮೇತ ಬಣ್ಣ ತುಂಬಿದ ಕೆಲಸ ಕರ್ನಾಟಕದಲ್ಲಿ ಯಾವುದೆಂದು ಕೇಳಿದರೆ ಮೊದಲು ತೋರಿಸಬೇಕಾದದ್ದು ಈ ಗೋಡೆಗಳನ್ನು. ಪ್ರವಾಸಿಗಳು ಮಾತ್ರ ಗಾಜಿನ ಗುಮ್ಮಟ ನೋಡುತ್ತ ಅವುಗಳ ಕೆಳಗೇ ಹಾದು ಹೋಗುತ್ತಾರೆ.

ಎರಡನೇ ಯುದ್ಧಕ್ಕೆ ಬಂದರೆ ತೊಡಕು ಇನ್ನೊಂದು. ಮರುಭೂಮಿಯಲ್ಲಿ ಖಾಕಿ ಹೊಂದಿತು. ಬರ್ಮಾದ ಕಾಡಿನಲ್ಲಿ ಅದು ದೂರದಿಂದಲೇ ಎದ್ದು ಕಾಣುತ್ತಿತ್ತು. ಹೀಗಾಗಿ ಯುದ್ಧದ ನಡುವೆ ಜಂಗಲ್ ಗ್ರೀನ್ ಬಂತು. ಕಪ್ಪು-ಬಿಳುಪಿನಲ್ಲಿ ಎರಡೂ ಒಂದೇ ಬೂದಿ. ತಾರೀಖು ಗೊತ್ತಿಲ್ಲದಿದ್ದರೆ ಬಣ್ಣ ಹೇಳುವಂತಿಲ್ಲ. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಅಲ್ಲಿ ಮೈಸೂರು ಇನ್‌ಫೆಂಟ್ರಿಯೂ ಇತ್ತು; ಅವರಿಗೆ ಹಸಿರು ಹಚ್ಚಿದರೆ ಚರಿತ್ರೆಯೇ ತಪ್ಪುತ್ತದೆ. ತಾರೀಖಿಗೆ ಟೋಪಿಯ ಬಿಲ್ಲೆ ನೆರವಾಗುತ್ತದೆ. ಅದರ ಮೇಲೆ ಕಿರೀಟವಿದ್ದರೆ 1950ರ ಗಣರಾಜ್ಯಕ್ಕೆ ಹಿಂದಿನದು, ಅಶೋಕನ ಸಿಂಹಗಳಿದ್ದರೆ ಈಚಿನದು. ಬೂಷ್ಟು ಕರುಣೆ ತೋರಿ ಅಷ್ಟು ಭಾಗ ಬಿಟ್ಟಿದ್ದರೆ.

ಕನ್ನಡಿಗರಿಗೆ ಕಂಪ್ಯೂಟರಿನ ಬಣ್ಣ ಮೊದಲು ಪರಿಚಯವಾದದ್ದು ಸಿನಿಮಾದಿಂದ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತೊಟ್ಟು ಮತ್ತೆ ತೆರೆಗೆ ಬಂದವು. 2018ರಲ್ಲಿ ಪೀಟರ್ ಜಾಕ್ಸನ್ ಮೊದಲ ಮಹಾಯುದ್ಧದ ತುಣುಕುಗಳಿಗೆ ಬಣ್ಣ ಹಚ್ಚಿ ಇಡೀ ಚಿತ್ರವನ್ನೇ ಮಾಡಿದ. ಅದೇ ವರ್ಷ ಡಿಓಲ್ಡಿಫೈ ಎಂಬ ತಂತ್ರಾಂಶ ಬಿಟ್ಟಿಯಾಗಿ ಸಿಕ್ಕಿತು. ಈಗ ಮೊಬೈಲಿಗೆ ಫೋಟೋ ಹಾಕಿದರೆ ಕಾಫಿ ಆರುವಷ್ಟರಲ್ಲಿ ಬಣ್ಣ ಬರುತ್ತದೆ. ಯಂತ್ರ ಕಲಿತದ್ದು ಲಕ್ಷಾಂತರ ಬೇರೆ ಚಿತ್ರಗಳಿಂದ. ಗೊತ್ತಿಲ್ಲದಾಗ ಅದು ಎಲ್ಲಕ್ಕೂ ಒಗ್ಗುವ ಮಂಕು ಕಂದು ಬಳಿದು ಸುಮ್ಮನಾಗುತ್ತದೆ. ಮುಖ ಪರವಾಗಿಲ್ಲ, ಮರ ಪರವಾಗಿಲ್ಲ, ರಿಬ್ಬನ್ ಮಾತ್ರ ಕಲಸಿದ ಮೊಸರನ್ನ. ಹಳೆ ಸ್ಟುಡಿಯೋದ ಗುಲಾಬಿ ಕೆನ್ನೆ ಸುಳ್ಳು ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ಯಂತ್ರದ ತಪ್ಪು ಹಾಗೆ ಕೂಗಿ ಹೇಳುವುದಿಲ್ಲ, ಅದೇ ಅದರ ಅಪಾಯ. ಕಾಂಬೋಡಿಯಾದ ತುಓಲ್ ಸ್ಲೆಂಗ್ ಸೆರೆಮನೆಯಲ್ಲಿ ಕೊಲೆಯಾದ ಕೈದಿಗಳ ಫೋಟೋಗಳಿಗೆ 2021ರಲ್ಲಿ ಐರ್ಲೆಂಡಿನ ಕಲಾವಿದನೊಬ್ಬ ಬಣ್ಣ ಹಚ್ಚಿದ. ಕೆಲವರ ಮುಖದಲ್ಲಿ ಇಲ್ಲದ ನಗು ಮೂಡಿತ್ತು. ಕಾಂಬೋಡಿಯಾ ಸರ್ಕಾರ ಸಿಡಿದೆದ್ದ ಮೇಲೆ ಪ್ರಕಟಿಸಿದವರು ಅವನ್ನು ಹಿಂದೆಗೆದುಕೊಂಡರು.

ಆದ್ದರಿಂದ ಎಚ್ಚರದ ಹವ್ಯಾಸಿಗಳು ಮೂಲ ಸ್ಕ್ಯಾನನ್ನು ಮುಟ್ಟದೆ ಬೇರೆ ಇಡುತ್ತಾರೆ, ಬಣ್ಣವನ್ನು ಅದರ ಮೇಲೆ ತೆಗೆಯಬಹುದಾದ ಪದರವಾಗಿ ಹಾಕುತ್ತಾರೆ, ಯಾವುದು ತಿಳಿದು ಹಚ್ಚಿದ್ದು, ಯಾವುದು ಊಹೆ ಎಂದು ಬರೆದಿಡುತ್ತಾರೆ. ಮತ್ತೆ ಮತ್ತೆ ಅಟ್ಟ ಹತ್ತುತ್ತಾರೆ. ಅಲ್ಲಿನ ಟ್ರಂಕಿನಲ್ಲಿ ಪಿಂಚಣಿ ಪುಸ್ತಕ, ನಶ್ಯದ ಡಬ್ಬಿ, ನುಸಿಗುಳಿಗೆಯ ನಡುವೆ ಪದಕವೊಂದು ಸಿಕ್ಕರೆ ಅದರ ರಿಬ್ಬನ್ನಿನ ಮೇಲ್ಮೈ ಬಹುಪಾಲು ಬೂದಿ ಹಿಡಿದಿರುತ್ತದೆ. ಪಿನ್ನಿನ ಪಟ್ಟಿಗೆ ಸುತ್ತಿ ಹೊಲಿದ ಕಡೆ ದಾರ ಬಿಚ್ಚಿ, ಮಡಿಕೆ ತೆರೆದು ಕಿಟಕಿಯ ಬೆಳಕಿಗೆ ಹಿಡಿಯಬೇಕು. ಬಿಸಿಲು ತಾಗದ ಆ ಒಳಮೈಯಲ್ಲಿ ಕೆಂಪು ಇನ್ನೂ ಕೆಂಪಾಗಿಯೇ ಇರುತ್ತದೆ.