ಕೊಂಡದ್ದು ವಿಮಾನ, ಕೈಬಿಟ್ಟದ್ದು ಎಂಜಿನ್

ಮೈಸೂರಿನ ಕೂರ್ಗಳ್ಳಿ ಕಡೆಯ ಬೆಮೆಲ್ ಕಾರ್ಖಾನೆಯಿಂದ ಗಣಿಗಳಿಗೆ ಹೊರಡುವ ಭಾರಿ ಡಂಪರುಗಳನ್ನು ನೋಡಿದವರಿಗೆ ಆ ಕಂಪನಿಯ ಬೇರು ಒಂದು ವಿಮಾನ ಕಾರ್ಖಾನೆಯಲ್ಲಿದೆ ಎಂಬುದು ಹೊಳೆಯುವುದಿಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ (ಇಂದಿನ ಎಚ್‌ಎಎಲ್) ವಿಮಾನದ ಕೆಲಸ ಸಾಲದಾಯಿತು. ಅಲ್ಯೂಮಿನಿಯಂ ತಗಡು ಬಗ್ಗಿಸಿ ರಿವೆಟ್ ಹೊಡೆಯಲು ಕಲಿತಿದ್ದ ಕೈಗಳು ಬಸ್ಸಿನ ಬಾಡಿ, ರೈಲ್ವೆ ಬೋಗಿ ಕಟ್ಟತೊಡಗಿದವು. 1965ರ ಜನವರಿಯಲ್ಲಿ ಆ ಬೋಗಿ ವಿಭಾಗ ಬೆಮೆಲ್‌ಗೆ ಸೇರಿತು. ಮುಂದೆ ಆ ಕಂಪನಿ ಮೈಸೂರಿಗೂ ಬಂದು ಲಾರಿ, ಎಂಜಿನ್ ತಯಾರಿಕೆಗೆ ಕೈಹಾಕಿತು. ಸರ್ಕಾರ ಆಗ ವಿಮಾನ ಕೊಳ್ಳದೇ ಇದ್ದದ್ದರ ಫಲ ಇಷ್ಟು ದೂರ ಬಂದಿದೆ. ಸೇನೆಗೆ ಏನನ್ನು ಕೊಳ್ಳಬೇಕು ಎಂಬ ತೀರ್ಮಾನವನ್ನು ನಾವು ಸಾಮಾನ್ಯವಾಗಿ ಬೆಲೆ, ಹಗರಣ, ಯುದ್ಧಬಲ ಇವುಗಳ ಲೆಕ್ಕದಲ್ಲಿ ಅಳೆಯುತ್ತೇವೆ. ನನ್ನ ವಾದವೆಂದರೆ, ನಲವತ್ತು ವರ್ಷಗಳಾಚೆ ಈ ನೆಲದಲ್ಲಿ ಯಾರ ಕೈಗೆ ಯಾವ ಕಸುಬು ಉಳಿದಿರುತ್ತದೆ ಎಂಬುದನ್ನೂ ಅದೇ ತೀರ್ಮಾನ ನಿರ್ಧರಿಸುತ್ತದೆ, ಮತ್ತು ಈ ಲೆಕ್ಕವನ್ನು ನಾವು ಎಂಜಿನ್ನಿನ ವಿಷಯದಲ್ಲಿ ಮತ್ತೆ ಮತ್ತೆ ತಪ್ಪಿದ್ದೇವೆ.

ಮೊದಲ ತೀರ್ಮಾನ ಮೈಸೂರು ಸಂಸ್ಥಾನದ್ದು, ಅದು ದೂರದೃಷ್ಟಿಯದು. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಯ ಪ್ರಸ್ತಾಪ ತಂದಾಗ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ 700 ಎಕರೆ ಭೂಮಿಯನ್ನೂ 25 ಲಕ್ಷ ರೂಪಾಯಿ ಬಂಡವಾಳವನ್ನೂ ಕೊಡಲು ಮುಂದಾದರು. ಶಿವನಸಮುದ್ರದ ವಿದ್ಯುತ್ತು, ಭದ್ರಾವತಿಯ ಕಬ್ಬಿಣ, ಬೆಂಗಳೂರಿನ ವಿಜ್ಞಾನ ಸಂಸ್ಥೆ ಆ ವೇಳೆಗೇ ಇದ್ದವು. ಅವುಗಳ ಹಿಂದೆಯೂ ಸಂಸ್ಥಾನದ ವೆಚ್ಚವಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ನೋಂದಣಿಯಾಯಿತು. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿಂದ ಮೇಲೇರಿತು. ಆದರೆ 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡಿತು, ಮರುವರ್ಷ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ ರಿಪೇರಿ ಡಿಪೋ ಆಯಿತು. ಯುದ್ಧದ ತುರ್ತಿನಲ್ಲಿ ಅದು ಸರಿಯೇ ಇರಬಹುದು. ಅಲ್ಲಿನ ಕೆಲಸಗಾರರು ವಿಮಾನ ಬಿಚ್ಚಿ ಜೋಡಿಸುವುದನ್ನು ಅದ್ಭುತವಾಗಿ ಕಲಿತರು. ವಿಮಾನವನ್ನು ಆಲೋಚಿಸುವ ಕೆಲಸ ಮಾತ್ರ ಡಾ. ವಿ.ಎಂ. ಘಾಟಗೆಯವರಂಥ ಕೆಲವರ ಹಟದಿಂದ ಉಳಿಯಿತು. ಅವರ ತಂಡದ ಎಚ್‌ಟಿ-2 1951ರಲ್ಲಿ ಹಾರಿತು.

ಈ ಇತಿಹಾಸದಲ್ಲಿ ನಿಂತು ನೋಡಬೇಕಾದ ಘಟ್ಟ ಮಾರುತ್. 1956ರಲ್ಲಿ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ತಮ್ಮ ಸಂಗಡಿಗರೊಂದಿಗೆ ಬೆಂಗಳೂರಿಗೆ ಬಂದರು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಎಚ್‌ಎಫ್-24 ಮಾರುತ್ ಯುದ್ಧವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಈಗಲೂ ಒಂದು ಮಾರುತ್ ಇದೆ. ಚೂಪಾದ ಮೂಗು, ಹಿಂದಕ್ಕೆ ಓರೆಯಾದ ರೆಕ್ಕೆ, ನಡು ಸಣ್ಣದಾದ ಒಡಲು: ಶಬ್ದಕ್ಕಿಂತ ಎರಡು ಪಟ್ಟು ವೇಗ ಮುಟ್ಟಲೆಂದೇ ಎಳೆದ ಗೆರೆಗಳವು. ಬಾಲದ ಕಡೆ ಅಕ್ಕಪಕ್ಕ ಎರಡು ಎಂಜಿನ್‌ಗಳು, ಒಂದೊಂದರ ನೂಕುಬಲ 4,850 ಪೌಂಡು. ಒಡಲನ್ನು ಎಳೆದದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿ ರೂಪಿಸುತ್ತಿದ್ದ ಆರ್ಫಿಯಸ್-12 ಎಂಬ, ಇದಕ್ಕಿಂತ ಬಹಳ ಬಲವಾದ ಎಂಜಿನ್ನಿಗಾಗಿ. ಅದಕ್ಕೆ ಬೇರೆ ಗಿರಾಕಿ ಸಿಗದಾಗ ಬ್ರಿಸ್ಟಲ್ ಅಭಿವೃದ್ಧಿಯ ಖರ್ಚು ಹಂಚಿಕೊಳ್ಳುವಂತೆ ಭಾರತವನ್ನು ಕೇಳಿತು. ದೆಹಲಿ ಒಪ್ಪಲಿಲ್ಲ. ಮುಂದೆ ಈಜಿಪ್ಟಿನ ಎಂಜಿನ್ ಒಂದನ್ನು ಕೂರಿಸುವ ಯತ್ನ ನಡೆಯಿತು, ಅದೂ ಕೈಗೂಡಲಿಲ್ಲ. ಇದ್ದ ಎಂಜಿನ್ನಿಗೇ ಆಫ್ಟರ್‌ಬರ್ನರ್ ಜೋಡಿಸಿದ ಮಾರುತ್ ಹಾರಿಸುವಾಗ 1970ರ ಜನವರಿ 10ರಂದು ಸುರಂಜನ್ ದಾಸ್ ಪ್ರಾಣ ಕಳೆದುಕೊಂಡರು. ಎಚ್‌ಎಎಲ್ ಪಕ್ಕದ ರಸ್ತೆಗೆ ಅವರ ಹೆಸರಿದೆ. 1971ರ ಯುದ್ಧದಲ್ಲಿ ಲೋಂಗೆವಾಲಾದ ಮರುಭೂಮಿಯ ಮೇಲೆ ಮಾರುತ್‌ಗಳು ಚೆನ್ನಾಗಿಯೇ ಹೋರಾಡಿದವು. ಒಟ್ಟು ತಯಾರಾದದ್ದು 147. ಅದರ ಮುಂದಿನ ಪೀಳಿಗೆಯ ವಿಮಾನ ಬರಲೇ ಇಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ನ್ಯಾಯವಾದ ಉತ್ತರ ಕೊಡಬೇಕು. ಶತ್ರು ಬಾಗಿಲಲ್ಲಿದ್ದಾಗ ಇಪ್ಪತ್ತು ವರ್ಷದ ಪ್ರಯೋಗಕ್ಕೆ ಕಾಯಲಾಗದು. 1962ರಲ್ಲಿ ಸೋವಿಯತ್ ಮಿಗ್-21 ಆರಿಸಿದ್ದು, 1970ರ ದಶಕದ ಕೊನೆಗೆ ಜಾಗ್ವಾರ್ ಆರಿಸಿದ್ದು ಅನಿವಾರ್ಯವಾಗಿತ್ತು ಎನ್ನುತ್ತಾರೆ. ಅನಿವಾರ್ಯವೇ ಇತ್ತು. ಆಕಾಶ ಕಾಯುವ ಪೈಲಟ್‌ಗೆ ಇಂದು ಬೇಕಾದದ್ದು ಇಂದೇ ಬೇಕು, ಅವನ ಜೀವದ ಮೇಲೆ ಸ್ವದೇಶಿ ಪ್ರಯೋಗ ನಡೆಸುವ ಹಕ್ಕು ಯಾರಿಗೂ ಇಲ್ಲ. ಆದರೆ ಮಿಗ್ ಕೊಳ್ಳುವುದಕ್ಕೂ ಎಂಜಿನ್ ಸಂಶೋಧನೆಯನ್ನು ಸೊರಗಿಸುವುದಕ್ಕೂ ಏನು ಸಂಬಂಧ? ಪರವಾನಗಿ ಪಡೆದು ಇಲ್ಲೇ ತಯಾರಿಸಿದರೆ ಕಸುಬು ತಾನಾಗಿ ಬರುತ್ತದೆ ಎಂಬ ನಂಬಿಕೆ ಇತ್ತು. ನಾಸಿಕ್‌ನಲ್ಲಿ ಮಿಗ್ ಒಡಲು, ಕೊರಾಪುಟ್‌ನಲ್ಲಿ ಅದರ ಎಂಜಿನ್, ಬೆಂಗಳೂರಿನಲ್ಲಿ ನ್ಯಾಟ್, ಜಾಗ್ವಾರ್ ನೂರಾರು ಸಂಖ್ಯೆಯಲ್ಲಿ ತಯಾರಾದವು. ಪರವಾನಗಿಯ ನಕ್ಷೆ ಒಂದು ಭಾಗವನ್ನು ಹೇಗೆ ಕೊರೆಯಬೇಕೆಂದು ಹೇಳುತ್ತದೆ, ಅದೇ ಅಳತೆ ಏಕೆಂಬುದನ್ನು ಹೇಳುವುದಿಲ್ಲ. ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡನ್ನೇ ತೆಗೆದುಕೊಳ್ಳಿ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅದನ್ನು ಸವರಿಕೊಂಡು ಹೋಗುವ ಅನಿಲ ಆ ಲೋಹ ಕರಗುವ ಬಿಸಿಗಿಂತಲೂ ಹೆಚ್ಚು ಬಿಸಿ. ಕರಗದಿರಲು ಅದರ ಒಳಗೆ ಸಣ್ಣ ಗಾಳಿದಾರಿಗಳು, ಮೈಮೇಲೆ ಸೂಜಿಮೊನೆಯಂಥ ತೂತುಗಳು. ಇಡೀ ಬ್ಲೇಡು ಒಂದೇ ಹರಳಾಗಿ ಎರಕಗೊಂಡಿರಬೇಕು. ಆ ಎರಕದ ಗುಟ್ಟನ್ನು ಯಾವ ದೇಶವೂ ಸುಲಭಕ್ಕೆ ಮಾರುವುದಿಲ್ಲ. ಬ್ಲೇಡು ಸುಟ್ಟು, ಸೀಳಿ, ಮತ್ತೆ ಎರಕ ಹೊಯ್ದೇ ಅದನ್ನು ಕಲಿಯಬೇಕು.

ನೌಕಾಪಡೆಯ ಹಾದಿಯನ್ನು ಪಕ್ಕದಲ್ಲಿಟ್ಟರೆ ವಿಷಯ ಇನ್ನೂ ನಿಚ್ಚಳವಾಗುತ್ತದೆ. ಮುಂಬೈಯ ಮಜಗಾಂವ್ ಡಾಕ್‌ನಲ್ಲಿ ಬ್ರಿಟಿಷ್ ಲಿಯಾಂಡರ್ ನಕ್ಷೆಯಂತೆ ಕಟ್ಟಿದ ಯುದ್ಧನೌಕೆ ನೀಲಗಿರಿ 1972ರಲ್ಲಿ ಸೇವೆಗೆ ಬಂತು. ಆ ಸರಣಿ ಮುಗಿಯುವ ಮುನ್ನವೇ ನೌಕಾಪಡೆ ತನ್ನದೇ ಅಧಿಕಾರಿಗಳಿರುವ ವಿನ್ಯಾಸ ವಿಭಾಗದಿಂದ ಮುಂದಿನ ಹಡಗಿನ ನಕ್ಷೆ ಬರೆಸಿತು; 1983ರಲ್ಲಿ ಗೋದಾವರಿ ಬಂತು. ಗಿರಾಕಿಯೂ ವಿನ್ಯಾಸಕಾರನೂ ಒಂದೇ ಸಮವಸ್ತ್ರದಲ್ಲಿದ್ದರು, ಆರ್ಡರು ನಿಲ್ಲಲಿಲ್ಲ. ವಿಮಾನವಾಹಕ ನೌಕೆ ವಿಕ್ರಾಂತ್‌ಗೆ ಬೇಕಾದ ವಿಶೇಷ ಉಕ್ಕು ಹೊರಗಿಂದ ಸಿಗದಾದಾಗ ಅದನ್ನು ಇಲ್ಲೇ ರೂಪಿಸಲಾಯಿತು, 2022ರಲ್ಲಿ ಆ ಹಡಗು ನೌಕಾಪಡೆ ಸೇರಿತು. ಅದೇ ನೌಕಾಪಡೆಯ ಜಲಾಂತರ್ಗಾಮಿ ಕಥೆ ಬೇರೆ. 1981ರಲ್ಲಿ ಜರ್ಮನಿಯ ಎಚ್‌ಡಿಡಬ್ಲ್ಯು ಜೊತೆ ಒಪ್ಪಂದವಾಗಿ ಎರಡು ದೋಣಿಗಳು ಮುಂಬೈಯಲ್ಲೇ ತಯಾರಾದವು. ಕಮಿಷನ್ ಆರೋಪ ಎದ್ದು ಮುಂದಿನವು ನಿಂತವು. 1994ರಲ್ಲಿ ಆ ಎರಡರಲ್ಲಿ ಕೊನೆಯದಾದ ಶಂಕುಲ್ ಸೇವೆಗೆ ಹೋದ ಮೇಲೆ ಆ ಯಾರ್ಡಿಗೆ ಹೊಸ ಜಲಾಂತರ್ಗಾಮಿಯ ಆರ್ಡರು ಬಂದದ್ದು 2005ರಲ್ಲಿ. ಆ ಸರಣಿಯ ಮೊದಲನೆಯದಾದ ಕಲ್ವರಿ ಸೇವೆಗೆ ಬಂದದ್ದು 2017ರಲ್ಲಿ. ದಪ್ಪ ಉಕ್ಕಿನ ಒಡಲನ್ನು ಕೂದಲೆಳೆಯ ಬಿರುಕೂ ಇಲ್ಲದಂತೆ ವೆಲ್ಡ್ ಮಾಡುವ ಕೈಗಳನ್ನು ಹನ್ನೊಂದು ವರ್ಷ ಖಾಲಿ ಕೂರಿಸಲಾಗದು. ಭ್ರಷ್ಟಾಚಾರದ ತನಿಖೆ ಆಗಲೇಬೇಕಿತ್ತು, ಯಾರ್ಡಿನ ಕೆಲಸವನ್ನು ಅದರೊಂದಿಗೆ ಕಟ್ಟಿಹಾಕಬೇಕಿರಲಿಲ್ಲ. ಸಿದ್ಧ ಹಡಗು ಕೊಂಡರೆ ಅಗ್ಗ ಎನ್ನುವವರಿಗೆ ರಷ್ಯಾದಿಂದ ನಮ್ಮ ಕಾರವಾರದ ಕದಂಬ ನೌಕಾನೆಲೆಗೆ ಬಂದ ವಿಮಾನವಾಹಕ ನೌಕೆ ವಿಕ್ರಮಾದಿತ್ಯ ಉತ್ತರ ಹೇಳುತ್ತದೆ: 2004ರಲ್ಲಿ ನೂರು ಕೋಟಿ ಡಾಲರಿನೊಳಗಿದ್ದ ಬೆಲೆ ಮುಂದೆ ಇನ್ನೂರು ಕೋಟಿ ಡಾಲರನ್ನೂ ದಾಟಿತು. ಹಾಗೆಂದು ನೌಕಾಪಡೆಯನ್ನು ಸುಮ್ಮನೆ ಹೊಗಳಲಾರೆ. ವಿಕ್ರಾಂತ್‌ನ ಒಡಲೊಳಗೆ ತಿರುಗುವ ಗ್ಯಾಸ್ ಟರ್ಬೈನುಗಳ ಮೂಲ ಅಮೆರಿಕದ ಜನರಲ್ ಎಲೆಕ್ಟ್ರಿಕ್.

ಮಾರುತ್ ಹಾರಿದ ಸುಮಾರು ನಲವತ್ತು ವರ್ಷಗಳ ಬಳಿಕ, 2001ರ ಜನವರಿ 4ರಂದು, ನಮ್ಮದೇ ವಿನ್ಯಾಸದ ಯುದ್ಧವಿಮಾನ ತೇಜಸ್ ಹಾರಿತು. ಅದರ ಹೊಟ್ಟೆಯಲ್ಲೂ ಜನರಲ್ ಎಲೆಕ್ಟ್ರಿಕ್ ಎಂಜಿನ್. ಬೆಂಗಳೂರಿನ ಎಂಜಿನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇಗೆ ಕಾವೇರಿ ಎಂಜಿನ್ ಯೋಜನೆ ಮಂಜೂರಾದದ್ದು 1989ರಲ್ಲಿ, 383 ಕೋಟಿ ರೂಪಾಯಿಯ ಆಸುಪಾಸಿನ ಮೊತ್ತಕ್ಕೆ. ಬೇಕಾದಷ್ಟು ಬಲ ಬಾರದೆ 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. 1998ರ ಪೋಖ್ರಾನ್ ಸ್ಫೋಟದ ನಂತರ ಅಮೆರಿಕ ನಿರ್ಬಂಧ ಹೇರಿದಾಗ ಅಲ್ಲಿ ತೇಜಸ್‌ನ ಹಾರಾಟ ನಿಯಂತ್ರಣದ ಕೆಲಸದಲ್ಲಿದ್ದ ನಮ್ಮ ಎಂಜಿನಿಯರುಗಳು ಕೈಬಿಟ್ಟು ಬರಬೇಕಾಯಿತು. 2021ರಲ್ಲಿ 83 ತೇಜಸ್‌ಗಳ ಆರ್ಡರಾಯಿತು. ಅವಕ್ಕೆ ಬೇಕಾದ ಎಂಜಿನ್ ಅಮೆರಿಕದಿಂದ ತಡವಾಗಿ ಬಂದದ್ದರಿಂದ ಕಟ್ಟಿದ ಒಡಲುಗಳು ಎಂಜಿನ್ನಿಗಾಗಿ ಕಾದವು. ಅತ್ತ ಮಿಗ್-21ಗಳು ತಮ್ಮ ಕಾಲ ಮುಗಿದ ಮೇಲೂ ಹಾರುತ್ತಲೇ ಇದ್ದು, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆದವು. ಈ ತಡದ ಬೆಲೆಯಲ್ಲಿ ತರುಣ ಪೈಲಟ್‌ಗಳ ಪ್ರಾಣವೂ ಸೇರಿದೆ ಎಂಬುದನ್ನು ಮರೆತು ಈ ಚರ್ಚೆ ಮಾಡಬಾರದು.

ಎಲ್ಲ ತಡವನ್ನೂ ವಿದೇಶಿ ಎಂಜಿನ್ನಿನ ತಲೆಗೆ ಕಟ್ಟುವುದು ಅನ್ಯಾಯ, ಎಚ್‌ಎಎಲ್‌ನ ಏಕಸ್ವಾಮ್ಯ ಮತ್ತು ನಿಧಾನಗತಿಯೂ ಕಾರಣ ಎನ್ನುವವರ ಮಾತಿನಲ್ಲಿ ತಿರುಳಿದೆ. ಆದರೆ ನಿಧಾನವೂ ಗಾಳಿಯಿಂದ ಬಂದುದಲ್ಲ. ಒಂದು ವಿಮಾನಕ್ಕೂ ಇನ್ನೊಂದಕ್ಕೂ ನಡುವೆ ನಲವತ್ತು ವರ್ಷ ಬಿಟ್ಟರೆ ಮಾರುತ್ ಕಟ್ಟಿದವರು ನಿವೃತ್ತರಾಗಿ, ತೇಜಸ್ ಕಟ್ಟುವವರು ಮೊದಲಿಂದ ಕಲಿಯಬೇಕಾಗುತ್ತದೆ. ಕಾವೇರಿಯ ದಾರಿಯಲ್ಲೂ ಇಂಥದೇ ಒಂದು ಕೊರತೆ ಕಾಣುತ್ತದೆ. ಹೊಸ ಎಂಜಿನ್ನನ್ನು ನೆಲದ ಮೇಲೆ ಓಡಿಸಿದರೆ ಸಾಲದು. ನಾಲ್ಕು ಎಂಜಿನ್ನಿನ ದೊಡ್ಡ ಸಾಗಣೆ ವಿಮಾನದಲ್ಲಿ ಒಂದನ್ನು ತೆಗೆದು ಆ ಜಾಗದಲ್ಲಿ ಹೊಸದನ್ನು ಕಟ್ಟಿ ಎತ್ತರದ ತೆಳುಗಾಳಿಯಲ್ಲಿ ಹಾರಿಸಿ ನೋಡಬೇಕು. ನಮ್ಮಲ್ಲಿ ಅಂಥ ಪರೀಕ್ಷಾ ವಿಮಾನ ಇರಲಿಲ್ಲ. 2010ರಲ್ಲಿ ಕಾವೇರಿಯನ್ನು ರಷ್ಯಾಕ್ಕೆ ಒಯ್ದು, ಅವರ ಇಲ್ಯೂಶಿನ್-76ರ ರೆಕ್ಕೆಗೆ ಕಟ್ಟಿ, ಅವರು ಬಿಡುವು ಕೊಟ್ಟ ದಿನಗಳಲ್ಲಿ ಹಾರಿಸಲಾಯಿತು. ಮುಂದಿನ ಯುದ್ಧವಿಮಾನದ ಎಂಜಿನ್ನನ್ನು ಫ್ರಾನ್ಸಿನ ಸಫ್ರಾನ್ ಜೊತೆ ಸೇರಿ ರೂಪಿಸುವುದಾಗಿ ಸರ್ಕಾರ 2025ರಲ್ಲಿ ಹೇಳಿದೆ. ಆ ಒಪ್ಪಂದದ ಸಾವಿರಾರು ಕೋಟಿಯ ಪಕ್ಕದಲ್ಲಿ ಒಂದು ಹಳೆಯ ಸಾಗಣೆ ವಿಮಾನದ ಬೆಲೆ ಚಿಕ್ಕದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ 2017ರಿಂದ ಡಿಆರ್‌ಡಿಒದ ಪರೀಕ್ಷಾ ವಾಯುನೆಲೆ ಇದೆ. ಖರೀದಿ ಪಟ್ಟಿಗೆ ಆ ಒಂದು ವಿಮಾನವನ್ನೂ ಈಗಲೇ ಸೇರಿಸಿದರೆ, ಹೊಸ ಎಂಜಿನ್ ಬೆಂಗಳೂರಿನಿಂದ ಲಾರಿಯಲ್ಲಿ ಹೊರಟು ಅದೇ ದಿನ ಅಲ್ಲಿಗೆ ಸೇರುತ್ತದೆ.