ಕೆರೆಯ ಅಂಗಳದಲ್ಲಿ ಬಸ್ಸು ಇಳಿದು

ಮಡಕಶಿರಾದಿಂದ ಬೆಂಗಳೂರಿಗೆ ಹೋದೋರು ಮೆಜೆಸ್ಟಿಕ್ಕಿನಲ್ಲಿ ಇಳಿದೇ ಇರ್ತೀರಿ. ಅದು ಧರ್ಮಾಂಬುಧಿ ಕೆರೆಯ ಅಂಗಳ ಅನ್ನೋದು ನನಗೆ ಐವತ್ತು ದಾಟಿದ ಮೇಲೆ ಗೊತ್ತಾಯಿತು. ಕೆಂಪೇಗೌಡರ ಕಾಲದ ಕೆರೆ ಅಂತಾರೆ. ಪೇಟೆ ಜನ ಅದರ ನೀರು ಕುಡಿದು ಬಾಳಿದರು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಆಮೇಲೆ ಕೆರೆ ಯಾರಿಗೆ ಬೇಕು? ಒಣಗಿ ಮೈದಾನವಾಯಿತು, ಕೊನೆಗೆ ಬಸ್ ನಿಲ್ದಾಣ. ಸಂಪಂಗಿ ಕೆರೆಯಿದ್ದ ಕಡೆ ಈಗ ಕಂಠೀರವ ಕ್ರೀಡಾಂಗಣ ಅದೆ. ಕರಗದ ಪೂಜೆಗೆ ಒಂದು ಸಣ್ಣ ಕೊಳ ಮಾತ್ರ ಉಳಿದದೆ. ತಿಗಳರು ಕೈಬಿಡದೆ ನಡೆಸಿಕೊಂಡು ಬಂದದ್ದಕ್ಕೇ ಅಷ್ಟಾದರೂ ಉಳಿಯಿತು ಅಂತ ನನ್ನ ಎಣಿಕೆ.

ಮೆಜೆಸ್ಟಿಕ್ ಕಡೆಯಿಂದ ಹೊರಡುವ ರಾಜಕಾಲುವೆ ಶಾಂತಿನಗರ, ಕೋರಮಂಗಲ ಹಾದು ಬೆಳ್ಳಂದೂರು ಕೆರೆಗೆ ಹೋಗ್ತದೆ. ಮೂಗು ಮುಚ್ಚಿಕೊಂಡು ದಾಟೋ ಮೋರಿಯಾಗಿತ್ತು. ಈಚೆಗೆ ಅದರ ದಡಕ್ಕೆ ನಡೆಯೋ ದಾರಿ ಮಾಡಿದಾರೆ. ಆರ್ಕಿಟೆಕ್ಚರ್ ಓದೋ ನನ್ನ ಮೊಮ್ಮಗಳಿಗೂ ಕಾಲೇಜಿನಲ್ಲಿ ಅಂಥದೇ ಕೆಲಸ: ಪಾಳುಬಿದ್ದ ಕಾಲುವೆ ದಡ ಚೆಂದ ಮಾಡೋ ನಕ್ಷೆ ಬರೀಬೇಕು. ಹಾಳೆ ಹರವಿದಳು. ಕಲ್ಲುಬೆಂಚು, ದೀಪ, ಹೊಂಗೆ ಮರ.

"ನೀರೆಲ್ಲಿಂದ ಬರ್ತದಮ್ಮಾ?" ಅಂದೆ.

"ತಾತಾ, ಅದು ಬೇರೆ ಇಲಾಖೆಯೋರದು" ಅಂದಳು.

ಕೊರಿಯಾದ ಸಿಯೋಲಿನಲ್ಲಿ 2003ರಿಂದ 2005ರೊಳಗೆ ಮೇಲಿನ ರಸ್ತೆ ಕಿತ್ತು, ಹೂತಿದ್ದ ಚಿಯಾಂಗ್ಯೆಚಾನ್ ಹಳ್ಳವನ್ನು ಮೇಲೆ ತಂದರು ಅಂತಲೂ ಅವಳೇ ಹೇಳಿದ್ದು. ಅಲ್ಲೂ ಹರಿಯೋ ನೀರಲ್ಲಿ ಬಹುಪಾಲು ಹಾನ್ ನದಿಯಿಂದ ಪಂಪಿನಲ್ಲಿ ತಂದದ್ದಂತೆ!

ನಮ್ಮ ಪಕ್ಕದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನವಿದೆ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ದಿನಕ್ಕೆ ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಒಳ್ಳೆ ಕೆರೆಗೆ ಹನ್ನೆರಡು ಅಂಗ, ಆರು ದೋಷ ಅಂತ ಕಲ್ಲಲ್ಲಿ ಬರೆಸಿದಾರೆ. ಮೂರು ಯೋಜನದಿಂದ ಹರಿದು ಬರೋ ಸಿಹಿನೀರಿನ ನದಿ ಒಂದು ಅಂಗ. ಎರಡು ರಾಜ್ಯದ ಗಡಿಯಲ್ಲಿರೋದು ಒಂದು ದೋಷ. ಗಡಿಯಲ್ಲಿ ಬಾಳೋ ನಮಗೆ ಇದನ್ನ ಬಿಡಿಸಿ ಹೇಳಬೇಕಾ? ರಾಯದುರ್ಗದ ಕಡೆಯೋರು ವೇದಾವತಿಯ ಭೈರವಾನಿತಿಪ್ಪ ಜಲಾಶಯ ನೋಡಿದರೆ ಸಾಕು.

ನಾನು "ಕೆರೆಗೆ ಹಾರ" ಹಾಡೋನು. ಭಾಗೀರಥಿಯನ್ನು ಕೆರೆಗೆ ಕೊಡೋ ಕಡೆ ಈಗಲೂ ಗಂಟಲು ಕಟ್ಟುತ್ತದೆ. ಅನಂತಪುರದ ಹತ್ತಿರ ಬುಕ್ಕರಾಯಸಮುದ್ರದಲ್ಲಿ ಒಡೆಯೋ ಕಟ್ಟೆಗೆ ಜೀವ ಕೊಟ್ಟ ಮುಸಲಮ್ಮನ ಕತೆಯೂ ಅಂಥದೇ. ಕತೆ ನಿಜವೋ ಸುಳ್ಳೋ, ಹೆಣ್ಣುಮಗಳನ್ನು ಬಲಿಕೊಟ್ಟದ್ದನ್ನು ನಾನು ಒಪ್ಪೋನಲ್ಲ. ಆದರೆ ಕಟ್ಟೆ ಅಂದರೆ ಎಷ್ಟು ಭಯ ಇತ್ತು ಜನಕ್ಕೆ ಅನ್ನೋದು ಆ ಹಾಡಲ್ಲಿ ತಿಳೀತದೆ.

ಮೊಮ್ಮಗಳು ಎರಡನೇ ಹಾಳೆ ತೆಗೆದು ಕಾಲುವೆಯ ಮೇಲ್ಗಡೆ ಬರೆಯೋಕೆ ಹತ್ತಿದಾಳೆ. ಸಂಕ್ರಾಂತಿಗೆ ಬಂದಾಗ ನಮ್ಮೂರ ಕೆರೆಗೆ ನೀರು ಬರೋ ಕಾಲುವೆ ತೋರಿಸು ಅಂದಿದಾಳೆ. ಅದರ ತುಂಬ ಜಾಲಿ ಬೆಳೆದದೆ. ಮಚ್ಚು ಹಿಡಕೊಂಡೇ ಹೋಗಬೇಕು.