ಮುದ್ದೇನಹಳ್ಳಿಯಿಂದ ಪುಣೆಗೆ

ಎಂಜಿನಿಯರಿಂಗ್ ಓದಲು ಹೊರದೇಶಕ್ಕೆ ಹೋಗುವುದೆಂದರೆ ಇಂದು ನೆನಪಾಗುವುದು ವೀಸಾ, ವಿಮಾನ ಮತ್ತು ಬ್ಯಾಂಕಿನ ಸಾಲ. ಚಿಕ್ಕಬಳ್ಳಾಪುರ ಸೀಮೆಯಿಂದ ಈ ಓದಿಗಾಗಿ ಹೊರಟವರಲ್ಲಿ ಅತ್ಯಂತ ಪ್ರಸಿದ್ಧನಾದ ಹುಡುಗ ಹೋದದ್ದು ಪುಣೆಗೆ. ಆಗ ಅದೂ ಪರರಾಜ್ಯವೇ. 1881ರಲ್ಲಿ ಮೈಸೂರು ಸಂಸ್ಥಾನದೊಳಗೆ ಎಂಜಿನಿಯರಿಂಗ್ ಪದವಿ ಕೊಡುವ ಕಾಲೇಜು ಇರಲಿಲ್ಲ. ಕಲಿಯಬೇಕೆಂದರೆ ಗಡಿ ದಾಟಿ ಬ್ರಿಟಿಷ್ ಪ್ರಾಂತ್ಯದ ಮದರಾಸಿಗೋ ಪುಣೆಗೋ ಹೋಗಬೇಕು.

ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಬಾಲ್ಯದ ಕಷ್ಟಗಳು ಪಠ್ಯಪುಸ್ತಕಗಳಲ್ಲಿ ಸಾಕಷ್ಟು ಬಂದಿವೆ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಬೇಗ ತೀರಿಕೊಂಡರು. ಹುಡುಗ ಚಿಕ್ಕಬಳ್ಳಾಪುರದಲ್ಲಿ ಶಾಲೆ ಕಲಿತು, ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಲ್ಲಿದ್ದು, ಪರರ ಮಕ್ಕಳಿಗೆ ಪಾಠ ಹೇಳಿ, ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ. ಮುಂದೇನು ಎಂಬಲ್ಲಿ ಮಾತ್ರ ಪಠ್ಯಪುಸ್ತಕಗಳು ತುಸು ಅವಸರ ಮಾಡುತ್ತವೆ: 'ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು' ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತವೆ. ವಿದ್ಯಾರ್ಥಿವೇತನ ತಾನಾಗಿ ದೊರೆಯುವುದಿಲ್ಲ. ಯಾರೋ ಕೇಳಬೇಕು, ಯಾರೋ ಕೊಡಬೇಕು.

ಅದರ ಹಿಂದೆ ಇದ್ದವರು ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್. ಬಡ ಹುಡುಗನ ಬುದ್ಧಿಯನ್ನು ಅವರು ತರಗತಿಯಲ್ಲಿಯೇ ಗುರುತಿಸಿದ್ದರು. ಕೊಟ್ಟವರು ದಿವಾನ್ ರಂಗಾಚಾರ್ಲು. ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ನಂತರ ಸಂಸ್ಥಾನ ಒಡೆಯರ ಕೈಗೆ ಮರಳಿದ್ದು 1881ರ ಮಾರ್ಚಿಯಲ್ಲಿ. 1876–78ರ ಭೀಕರ ಕ್ಷಾಮ ಆಗಷ್ಟೇ ಮುಗಿದಿತ್ತು. ಹಳ್ಳಿಗಳು ಖಾಲಿಯಾಗಿದ್ದವು, ಖಜಾನೆಯ ಮೇಲೆ ಸಾಲದ ಹೊರೆಯಿತ್ತು. ಅಂಥ ಸಮಯದಲ್ಲಿ ಒಬ್ಬ ಹುಡುಗನನ್ನು ಹೊರಪ್ರಾಂತ್ಯಕ್ಕೆ ಓದಲು ಕಳಿಸುವುದು ಸಣ್ಣ ತೀರ್ಮಾನವಲ್ಲ. ವಾಟರ್ಸ್ ಅವರಿಗೆ ಹುಡುಗ ಗೊತ್ತಿತ್ತು, ಹಣ ಅವರ ಕೈಯಲ್ಲಿರಲಿಲ್ಲ. ರಂಗಾಚಾರ್ಲು ಅವರ ಬಳಿ ಹಣವಿತ್ತು, ಹುಡುಗನ ಪರಿಚಯವಿರಲಿಲ್ಲ. ಗುರುವಿನ ಮಾತಿನ ಮೇಲೆ ಆಡಳಿತ ನಂಬಿಕೆಯಿಟ್ಟಿತು.

ಫಲ 1883ರಲ್ಲಿ ಬಂತು. ಪುಣೆಯ ಕಾಲೇಜ್ ಆಫ್ ಸೈನ್ಸ್‌ನಿಂದ ಪರೀಕ್ಷೆಗೆ ಕುಳಿತ ವಿಶ್ವೇಶ್ವರಯ್ಯ ಮುಂಬಯಿ ಪ್ರಾಂತ್ಯಕ್ಕೇ ಮೊದಲಿಗರಾದರು. ಮೊದಲ ಸ್ಥಾನ ಪಡೆದವನಿಗೆ ಮುಂಬಯಿ ಸರ್ಕಾರದಲ್ಲಿ ನೌಕರಿ ಖಚಿತವಾಗಿತ್ತು. 1884ರಲ್ಲಿ ಅವರು ಅಸಿಸ್ಟೆಂಟ್ ಎಂಜಿನಿಯರಾಗಿ ಅಲ್ಲಿನ ಲೋಕೋಪಯೋಗಿ ಇಲಾಖೆ ಸೇರಿದರು. ಖರ್ಚು ಮೈಸೂರಿನದು, ಎಂಜಿನಿಯರ್ ಮುಂಬಯಿಗೆ! ಇಂದಿನ ಭಾಷೆಯಲ್ಲಿ ಇದನ್ನು 'ಪ್ರತಿಭಾ ಪಲಾಯನ' ಎನ್ನುತ್ತಿದ್ದರೇನೋ. ಅವರು ಚೀಫ್ ಎಂಜಿನಿಯರಾಗಿ ಮೈಸೂರಿಗೆ ಮರಳಿದ್ದು 1909ರಲ್ಲಿ, ಅಂದರೆ ಕಾಲು ಶತಮಾನದ ಬಳಿಕ. ಆ ನಡುವೆ 1898ರಲ್ಲಿ ಜಪಾನ್ ನೋಡಿ ಬಂದರು, 1908ರಲ್ಲಿ ಯೂರೋಪ್ ಪ್ರವಾಸ ಹೋದರು. ಹಾಗೆ ಕಂಡದ್ದೆಲ್ಲ ಕೊನೆಗೆ ಮೈಸೂರಿನ ಕೆಲಸಕ್ಕೆ ಬಂತು.

ದಿವಾನರಾದ ಮೇಲೆ ಅವರ ಕಾಲದಲ್ಲಿ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹುಟ್ಟಿಕೊಂಡವು. ಮುಂದಿನ ಪೀಳಿಗೆಯ ಹುಡುಗರಿಗೆ ಪುಣೆಯ ದಾರಿ ಅನಿವಾರ್ಯವಾಗಲಿಲ್ಲ. ಇನ್ನು ವಾಟರ್ಸ್ ಅವರ ಅಭಿಮಾನ ಎಂಥದೆಂದರೆ, ಶಿಷ್ಯನಿಗೆ ತಮ್ಮ ವೆಬ್‌ಸ್ಟರ್ ನಿಘಂಟನ್ನು ಕೊಟ್ಟರು. ಅವರು ತೀರಿಕೊಂಡ ಮೇಲೆ ಅವರ ಇಚ್ಛೆಯಂತೆ ಚಿನ್ನದ ತೋಳುಗುಂಡಿಗಳೂ ಶಿಷ್ಯನನ್ನು ತಲುಪಿದವು.

ಸರ್ಕಾರದ ಹಣ ಎಲ್ಲ ಸಲವೂ ಎಣಿಸಿದಂತೆ ಫಲ ಕೊಡಲಿಲ್ಲ ಎಂಬುದನ್ನೂ ಹೇಳಬೇಕು. ಭೂವಿಜ್ಞಾನ ಕಲಿಯಲೆಂದು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ಗೆ ಹೋದ ಟಿ.ಪಿ. ಕೈಲಾಸಂ ಕೆಲ ಕಾಲ ಇಲಾಖೆಯಲ್ಲಿದ್ದು, ಕೊನೆಗೆ ರಂಗಭೂಮಿಯನ್ನೇ ಅಪ್ಪಿಕೊಂಡರು. ಕನ್ನಡಕ್ಕೆ ಲಾಭವಾಯಿತು, ಭೂವಿಜ್ಞಾನ ಇಲಾಖೆಗೆ ಅಲ್ಲ! ಹುಡುಗರನ್ನು ಕಳಿಸುವ ಬದಲು ಗುರುವನ್ನೇ ಕರೆಸಿದ ಉದಾಹರಣೆಗಳೂ ಇವೆ. ಜೆಮ್‌ಷೆಟ್‌ಜಿ ಟಾಟಾ ಬೆಂಗಳೂರಿನ ರೇಷ್ಮೆ ತೋಟಕ್ಕೆ ಜಪಾನಿ ಪರಿಣತರನ್ನು ತಂದರು. 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯ ವಾಷಿಂಗ್ಟನ್ ಮಾರಿ ಎಂಬ ತಜ್ಞನನ್ನು ಕರೆಸಿತು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ, ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜು ಎಲ್ಲ ಬಂದದ್ದು ತೀರ ಈಚೆಗೆ. ಆದರೂ ಪರದೇಶದ ವಿದ್ಯೆ ಈ ಉದ್ಯಮದೊಳಗೆ ಹೊಕ್ಕ ಕಥೆ ಅಷ್ಟು ಹಳೆಯದು.

ಗೌರಿಬಿದನೂರಿನತ್ತ ಬಂದರೆ ಡಾ. ಎಚ್. ನರಸಿಂಹಯ್ಯನವರ ಹೆಸರು ಎದುರಾಗುತ್ತದೆ. ಈ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಅವರು ಎಂಜಿನಿಯರಲ್ಲ, ಭೌತವಿಜ್ಞಾನಿ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಅಧ್ಯಾಪಕರಾಗಿದ್ದಾಗಲೇ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಹೋಗಿ 1960ರಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಅಲ್ಲೇ ಉಳಿಯಲಿಲ್ಲ. ಮರಳಿ ಅದೇ ಕಾಲೇಜು, ಅದೇ ಹಾಸ್ಟೆಲಿನ ಕೋಣೆ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ. ಗೌರಿಬಿದನೂರು, ಬಾಗೇಪಲ್ಲಿಗಳಿಗೂ ನ್ಯಾಷನಲ್ ಕಾಲೇಜುಗಳು ಬಂದವು. ಹೊರಗೆ ಹೋಗಿ ಬಂದ ಮೇಷ್ಟರೇ ಊರಲ್ಲಿದ್ದರೆ ಹುಡುಗರಿಗೆ ಬೇರೆ ಮಾರ್ಗದರ್ಶಕ ಬೇಕಿಲ್ಲ.

ಈಗ ಚಿಕ್ಕಬಳ್ಳಾಪುರದಲ್ಲೇ 1986ರಿಂದ ಎಂಜಿನಿಯರಿಂಗ್ ಕಾಲೇಜಿದೆ. ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾನಿಲಯದ ಕೇಂದ್ರವಿದೆ. ಪದವಿಗಾಗಿ ಗಡಿ ದಾಟಬೇಕಿಲ್ಲ. ದಾಟುವ ಆಸೆ ಮಾತ್ರ ಹೆಚ್ಚಾಗಿದೆ. ಆದರೆ ವಾಟರ್ಸ್ ಮತ್ತು ರಂಗಾಚಾರ್ಲು ಅವರ ಜಾಗಗಳು ದೂರವಾಗಿವೆ. ಎಷ್ಟೋ ಕಡೆ ಶಿಫಾರಸು ಪತ್ರವನ್ನು ವಿದ್ಯಾರ್ಥಿಯೇ ಬರೆದು ತರುತ್ತಾನೆ, ಅಧ್ಯಾಪಕರು ಸಹಿ ಹಾಕುತ್ತಾರೆ. ಉಳಿದದ್ದು ಪೇಟೆಯ ಏಜೆಂಟನ ಪಾಲು. ಏಜೆಂಟನಿಗೆ ವೀಸಾ ನಿಯಮ ಗೊತ್ತು, ಹುಡುಗಿಗೆ ಗಣಿತ ಎಷ್ಟು ಬರುತ್ತದೆಂದು ಗೊತ್ತಿಲ್ಲ. ಮೇಷ್ಟರಿಗೆ ಗಣಿತ ಗೊತ್ತು, ಅಲ್ಲಿನ ಒಂದು ಸೆಮಿಸ್ಟರ್ ಇಲ್ಲಿನ ಯಾವ ವಿಷಯಕ್ಕೆ ಸಮ ಎಂಬುದು ಗೊತ್ತಿಲ್ಲ.

ಈ ಲೆಕ್ಕ ತಪ್ಪಿದರೆ ವಿದ್ಯಾರ್ಥಿಗೆ ಒಂದು ವರ್ಷವೇ ನಷ್ಟ. ಯುಜಿಸಿ 2022ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ ಇಲ್ಲಿನ ಕಾಲೇಜಿಗೂ ವಿದೇಶಿ ವಿಶ್ವವಿದ್ಯಾನಿಲಯಕ್ಕೂ ಒಪ್ಪಂದವಿದ್ದಲ್ಲಿ, 'ಟ್ವಿನಿಂಗ್' ಪದ್ಧತಿಯಲ್ಲಿ ಶೇ 30ರವರೆಗಿನ ಕ್ರೆಡಿಟ್‌ಗಳನ್ನು ಹೊರಗೆ ಗಳಿಸಿ ಪದವಿಯನ್ನು ಇಲ್ಲೇ ಪಡೆಯಬಹುದು. ಯಾವ ಕ್ರೆಡಿಟ್ ಯಾವುದಕ್ಕೆ ಹೊಂದುತ್ತದೆ ಎಂಬುದನ್ನು ವಿದ್ಯಾರ್ಥಿ ವಿಮಾನ ಹತ್ತುವ ಮೊದಲೇ ಪಾಠ ಹೇಳುವ ಅಧ್ಯಾಪಕರೂ ಕಾಗದಪತ್ರ ನೋಡುವ ಸಲಹೆಗಾರರೂ ಒಂದೇ ಮೇಜಿನ ಸುತ್ತ ಕುಳಿತು ಬರೆದಿಡಬೇಕಾಗುತ್ತದೆ.